ಪೆಟ್ಟಿಗೆಯಕ್ಕ ಬರೆದ ಮುಚ್ಚಿದ ಕಣ್ಣು

ಹೋದ ವರ್ಷ ಈ ಮ್ಯೂಸಿಯಂನಲ್ಲಿ, ಮರದ ಹಲಗೆಯ ಮೇಲೆ ಬರೆದ ಹಳೆಯ ಚಿತ್ರವೊಂದು ಸೀಳಿತು. ವಿಮಾನದಿಂದ ಇಳಿದ ಪೆಟ್ಟಿಗೆಯನ್ನು ಒಂದು ದಿನ ಮುಟ್ಟದೆ ಇಡಬೇಕಿತ್ತು. ಬಂದ ಕೂಡಲೇ ತೆರೆಯಿರಿ ಎಂದವರು ಡೈರೆಕ್ಟರ್. ತೆರೆದವರು ಬಡಗಿ. ಕೆಲಸ ಹೋದದ್ದು ಬಡಗಿಯದು.

ಆ ಬಡಗಿಯ ತಂಗಿ ಈಗ ಮ್ಯೂಸಿಯಂ ಹಿಂಬದಿಯ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾರಿಯೊಂದು ಹಿಮ್ಮುಖವಾಗಿ ಒಳಗೆ ಬರುತ್ತಿದೆ.

"ಬಾ, ಬಾ, ಇನ್ನೂ ಬಾ... ಸಾಕಪ್ಪಾ ಸಾಕು! ಆ ಗೋಡೆ ನಿನಗೇನು ಮಾಡಿತ್ತು?"

ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕುತ್ತಾನೆ. "ಪೆಟ್ಟಿಗೆಯಕ್ಕಾ, ನಿಮ್ಮ ಹತ್ರ ಬೈಸ್ಕೊಳ್ಳದೆ ಇದ್ರೆ ನನಗೆ ಲಾರಿ ನಿಲ್ಲಿಸಿದ ಹಾಗೇ ಅನಿಸಲ್ಲ."

"ಹಾಗಾದ್ರೆ ಇಳಿ, ಇನ್ನೂ ಎರಡು ಬೈಗುಳ ಬಾಕಿ ಇದೆ."

ಪೆಟ್ಟಿಗೆ ಇಳಿಯುತ್ತದೆ. ಬಾಗಿಲಿನಷ್ಟು ಎತ್ತರ, ಕಪಾಟಿನಷ್ಟು ದಪ್ಪ. ಮಾಡಿದ್ದು ಇವರೇ. ಒಳಗೆ ಪದರ ಪದರವಾಗಿ ಫೋಮ್, ಅದರ ನಡುವೆ ಚಿತ್ರ. ಪೆಟ್ಟಿಗೆಯಕ್ಕ ಅಂಗೈ ಮಗುಚಿ, ಮಗುವಿಗೆ ಜ್ವರವಿದೆಯಾ ಅಂತ ನೋಡುವ ಹಾಗೆ ಹಲಗೆಗೆ ತಾಗಿಸುತ್ತಾರೆ. "ಕೊರೀತಿದೆ. ಮಲಗಲಿ." ಸೆರಗಿನ ತುದಿಯಲ್ಲಿ ಕಟ್ಟಿಕೊಂಡ ಸೀಮೆಸುಣ್ಣ ತೆಗೆದು ಮುಚ್ಚಳದ ಮೇಲೆ ಮುಚ್ಚಿದ ಕಣ್ಣೊಂದನ್ನು ಬರೆಯುತ್ತಾರೆ. ರೆಪ್ಪೆಗಳು ಸ್ವಲ್ಪ ಉದ್ದವೇ.

ಇದು ಈ ಶೆಡ್ಡಿನ ಪದ್ಧತಿ. ಕಣ್ಣು ಬರೆದಿದ್ದರೆ ಪೆಟ್ಟಿಗೆ ಮಲಗಿದೆ ಎಂದರ್ಥ. ಯಾರೂ ಸ್ಕ್ರೂ ಮುಟ್ಟುವಂತಿಲ್ಲ. ಬರೆದವರೇ ಅದನ್ನು ಒರೆಸಬೇಕು. ಕಾರಣವನ್ನು ಇವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ: "ವಿಮಾನದ ಹೊಟ್ಟೆಯಲ್ಲಿ ಮರ ಚಳಿಗೆ ಬಿಗಿದುಕೊಂಡಿರುತ್ತೆ. ತಟ್ಟನೆ ಇಲ್ಲಿನ ಬೆಚ್ಚನೆ ಗಾಳಿ ತಾಗಿದ್ರೆ ಮರದ ಹೊಟ್ಟೆ ಒಂದು ಕಡೆ ಎಳೆಯುತ್ತೆ, ಬೆನ್ನು ಇನ್ನೊಂದು ಕಡೆ. ನಿದ್ದೆಗಣ್ಣಲ್ಲಿ ಎಬ್ಬಿಸಿದ್ರೆ ಮನುಷ್ಯನೇ ಸಿಡುಕ್ತಾನೆ, ಮರ ಬಿಡುತ್ತಾ?" ಡೈರೆಕ್ಟರಿಗೂ ಇದು ಗೊತ್ತು. ಒಂದು ದಿನ ಮುಟ್ಟಬಾರದು ಎಂಬ ಸೂಚನೆ ಶೆಡ್ಡಿನ ಗೋಡೆಯ ಮೇಲೆ ಅವರ ಸಹಿಯೊಂದಿಗೇ ತೂಗುತ್ತಿದೆ. ಹೋದ ವರ್ಷದ್ದು ಗೊತ್ತಿಲ್ಲದೆ ಆದ ತಪ್ಪಾಗಿದ್ದರೆ ನಾನು ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ.

ಇವತ್ತು ಬಂದಿರುವುದು ಹೋದ ವರ್ಷ ಸೀಳಿದ ಅದೇ ಚಿತ್ರ. ಹೊರದೇಶದಲ್ಲಿ ದುರಸ್ತಿಯಾಗಿ ಮರಳಿದೆ. ತುಂಬಿದ ಹೊಳೆ, ದೋಣಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ಸಾಹುಕಾರ, ಹುಟ್ಟು ಹಾಕುವ ಅಂಬಿಗ. ಸೀಳು ಹಾದದ್ದು ಅಂಬಿಗನ ಎದೆಯ ಮೇಲೆ. ಅಣ್ಣ ಆವತ್ತು ಮನೆಗೆ ಬಂದು ಹೇಳಿದ್ದು ಇಷ್ಟೇ: "ಅದೂ ಹುಟ್ಟು ಹಾಕೋನ್ನೇ ಹುಡುಕ್ಕೊಂಡು ಹೋಗಿದೆ ನೋಡು."

ಮುಂದಿನ ವಾರ ಇಲ್ಲಿ ದೊಡ್ಡ ಪ್ರದರ್ಶನ. ಮುಂಬಾಗಿಲಲ್ಲಿ ಆಳೆತ್ತರದ ಪೋಸ್ಟರು: 'ದುಡಿವ ಕೈಗಳು'. ಇಲ್ಲಿ ಮುಗಿದ ಮೇಲೆ ಸಮುದ್ರದಾಚೆಯ ಎರಡು ಮ್ಯೂಸಿಯಂ, ಆಮೇಲೊಂದು ಕಲಾಮೇಳ. ಎಲ್ಲ ಕಡೆಗೂ ಇವರ ಪೆಟ್ಟಿಗೆಗಳೇ ಹೋಗುತ್ತವೆ. ಹೋದ ಕಡೆಯೆಲ್ಲ ಚಿತ್ರವನ್ನು ಗೋಡೆಗೆ ಏರಿಸಿ, ಪೆಟ್ಟಿಗೆಯನ್ನು ನೆಲಮಾಳಿಗೆಗೆ ತಳ್ಳುತ್ತಾರೆ. ದುಡಿವ ಕೈಗಳ ಚಿತ್ರಕ್ಕೆ ದೀಪ ಹಾಕುವವರಿಗೆ, ದುಡಿಯುವ ಕೈ ಎದುರಿಗೆ ಬಂದರೆ ಹಿಂಬಾಗಿಲು ತೋರಿಸುವುದೊಂದೇ ಗೊತ್ತು.

ಗರಗಸ ಹಿಡಿಯುವುದನ್ನು ಇವರಿಗೆ ಕಲಿಸಿದ್ದು ಅಣ್ಣನೇ. "ಹೆಣ್ಣುಮಕ್ಕಳ ಕೈಗೆ ಉಳಿ ಯಾಕೆ ಅಂತ ಅತ್ತೆ ಗೊಣಗ್ತಿದ್ರು. ಅವರ ಮಂಚದ ಕಾಲು ಮುರಿದ ದಿನ ಸುಮ್ಮನಾದ್ರು" ಎಂದು ನಗುತ್ತಾರೆ. ಅಣ್ಣನನ್ನು ಕೆಲಸದಿಂದ ತೆಗೆದಾಗ ತಾನೂ ಬಿಡುತ್ತೇನೆಂದು ಹಟ ಹಿಡಿದಿದ್ದರಂತೆ. ಬೇಡವೆಂದವರು ಅಣ್ಣ. ಈಗ ಅವರು ಮನೆಯ ಹೊರಕೋಣೆಯಲ್ಲಿ ಅಡುಗೆಮನೆ ಕಪಾಟು ಮಾಡುತ್ತಾರೆ. ಮ್ಯೂಸಿಯಂ ಇರುವ ಬೀದಿಗೆ ಕಾಲಿಡುವುದಿಲ್ಲ. ಬಸ್ಸಿನಿಂದಲೂ ಒಂದು ಸ್ಟಾಪ್ ಮೊದಲೇ ಇಳಿಯುತ್ತಾರೆ. "ತೆರೆ ಅಂದಾಗ ಅಣ್ಣ ಬೇಡ ಅಂದಿದ್ದ. ಎರಡನೇ ಸಲ ಅಂದಾಗ ತಾನೇ ಬರೆದ ಕಣ್ಣು ಒರೆಸಿಬಿಟ್ಟ. ಅದೇ ಅವನನ್ನ ತಿಂತಿರೋದು."

ನಿಮಗೇನು ಬೇಕು ಎಂದು ಕೇಳಿದರೆ ಇವರು ಯೋಚಿಸುವುದೂ ಇಲ್ಲ. "ಉದ್ಘಾಟನೆ ದಿನ ಅಣ್ಣನ್ನ ಮುಂಬಾಗಿಲಿಂದ ಕರ್ಕೊಂಡು ಬರ್ತೀನಿ. ಈ ಚಿತ್ರದ ಮುಂದೆ ನಿಲ್ಲಿಸ್ತೀನಿ. ಅದಕ್ಕೆ ಇದು ನೆಟ್ಟಗಿರಬೇಕು."

ಬಿಸಿಲೇರುವ ಹೊತ್ತಿಗೆ ಶೆಡ್ಡಿಗೆ ಬೂಟುಗಳ ಸದ್ದು ಬರುತ್ತದೆ. ಡೈರೆಕ್ಟರ್, ಅವರ ಹಿಂದೆ ಟಿವಿ ಕ್ಯಾಮೆರಾ.

"ಏನಮ್ಮಾ, ಇನ್ನೂ ತೆರೆದಿಲ್ವಾ? ಇವರು ಕಾಯ್ತಿದ್ದಾರೆ."

"ಮಲಗಿದೆ ಸಾರ್. ನಾಳೆ ಬೆಳಿಗ್ಗೆ ಏಳುತ್ತೆ."

"ಐದು ನಿಮಿಷದ ಕೆಲಸ. ತೋರಿಸಿ ಮುಚ್ಚೋದು."

"ಹೋದ ಸಲಾನೂ ಐದೇ ನಿಮಿಷ ಸಾರ್."

ಡೈರೆಕ್ಟರ್ ದನಿ ತಗ್ಗಿಸುತ್ತಾರೆ. "ನಾನು ಹೇಳ್ತಿದೀನಿ. ಜವಾಬ್ದಾರಿ ನಂದು."

"ನಮ್ಮಣ್ಣನಿಗೂ ಹಾಗೇ ಹೇಳಿದ್ರಿ."

ಡ್ರೈವರ್ ಬೀಡಿ ಆರಿಸುತ್ತಾನೆ. ಡೈರೆಕ್ಟರ್ ಮೇಜಿನ ಮೇಲಿದ್ದ ಒದ್ದೆ ಬಟ್ಟೆ ಎತ್ತಿಕೊಂಡು ಇವರತ್ತ ಚಾಚುತ್ತಾರೆ. "ಒರೆಸು. ಕೆಲಸ ಬೇಕೋ ಬೇಡವೋ ನಿನಗೆ?"

ಪೆಟ್ಟಿಗೆಯಕ್ಕ ಬಟ್ಟೆಯನ್ನು ನೋಡುತ್ತಾರೆ, ಮುಟ್ಟುವುದಿಲ್ಲ. "ಕೆಲಸ ಬೇಕು ಸಾರ್. ಅದನ್ನೇ ಮಾಡ್ತಿದೀನಿ. ಹೇಗೂ ಬಟ್ಟೆ ನಿಮ್ಮ ಕೈಯಲ್ಲೇ ಇದೆ, ನೀವೇ ಒರೆಸಿ. ಟಿವಿಯವರು ತೆಗೀಲಿ. ಒರೆಸಿದ ಕೈ ಯಾವುದು ಅಂತ ಈ ಸಲ ಊರೆಲ್ಲ ನೋಡ್ಲಿ."

ಕ್ಯಾಮೆರಾ ಡೈರೆಕ್ಟರ್ ಕಡೆ ತಿರುಗುತ್ತದೆ. ಒದ್ದೆ ಬಟ್ಟೆಯಿಂದ ನೀರು ಅವರ ಬೂಟಿನ ಮೇಲೆ ತೊಟ್ಟಿಕ್ಕುತ್ತದೆ. ಅವರ ಕೈ ಮುಂದಕ್ಕೆ ಹೋಗುವುದಿಲ್ಲ.

ಪೆಟ್ಟಿಗೆಯಕ್ಕ ಸ್ಟೂಲು ಎಳೆದು, ಮುಚ್ಚಿದ ಕಣ್ಣಿನ ಕೆಳಗೆ, ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂರುತ್ತಾರೆ.

"ನಾನಂತೂ ಒರೆಸಲ್ಲ."