ಕೂರಬಾರದ ಮುಷ್ಕರ

ಅಮೆರಿಕದ ಮಿಲ್ಪಿಟಾಸಿನಲ್ಲಿ ಗೆಳೆಯ ಶಂಕರ ಕಾರಿನ ಕ್ಯಾಸೆಟ್ಟು ನಿಲ್ಲಿಸಿ, ಮೊಸರು ತರಲು ನನ್ನನ್ನು ಗ್ರೋಸರಿ ಅಂಗಡಿಗೆ ಕಳಿಸಿದ. ಬಾಗಿಲ ಮುಂದೆ ಅಂಗಡಿಯ ನೌಕರರೇ ಫಲಕ ಹಿಡಿದು ಸುತ್ತುತ್ತಿದ್ದರು. ಯೂನಿಯನ್ನಿನ ಮುಷ್ಕರ. ಅಪ್ಪ ದಾವಣಗೆರೆಯ ಗಿರಣಿ ಗೇಟಿನಲ್ಲಿ ಧರಣಿ ಕೂತು ಹೆಚ್ಚಿಸಿಕೊಂಡ ಕೂಲಿಯಿಂದಲೇ ನಾನು, ನಮ್ಮ ಮನೆಗೆ ಮೊದಲನೆಯವನಾಗಿ, ಡಿಗ್ರಿ ಓದಿದ್ದು. ಒಳಗೆ ಹೋಗಲು ಕಾಲು ಬರಲಿಲ್ಲ. ಅವರಿಗೆ ಜೊತೆಯಾಗಲೆಂದು ಬಾಗಿಲ ಬಳಿ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟೆ.

"ಅಯ್ಯೋ, ಏಳಿ ಏಳಿ!" ಎಂದಳು ಅವರಲ್ಲೊಬ್ಬಳು, ಗಲ್ಲಾದಲ್ಲಿ ಕೆಲಸ ಮಾಡುವ ಮುದುಕಿ. "ಕೂತರೆ ದಾರಿ ತಡೆದ ಹಾಗೆ. ಪೊಲೀಸರನ್ನ ಕರೆಸಿ ನಮ್ಮನ್ನ ಓಡಿಸೋಕೆ ಮ್ಯಾನೇಜರು ಅದನ್ನೇ ಕಾಯ್ತಿದಾನೆ. ನಡೀತಾನೇ ಇರಬೇಕು."

ಎದ್ದು ಅವಳ ಹಿಂದೆ ನಡೆದೆ. ಮಂಡಿಗೆ ಪಟ್ಟಿ ಕಟ್ಟಿಕೊಂಡು ಬೆಳಗಿನಿಂದ ನಡೆಯುತ್ತಿದ್ದಳಂತೆ.

ಅಷ್ಟರಲ್ಲಿ ಶಂಕರ ಓಡಿ ಬಂದು ನನ್ನ ತೋಳು ಹಿಡಿದ. "ಏನಯ್ಯ ಇದು? ವೀಸಾ ಮೇಲೆ ಬಂದು ಸ್ಟ್ರೈಕು ಮಾಡ್ತೀಯಾ? ನಮ್ಮ ಆಫೀಸಿನವರು ನೋಡಿದ್ರೆ ನನ್ನ ಗತಿ ಏನು?"

"ನಿಂತು ಜಗಳ ಆಡಬೇಡಿ," ಮುದುಕಿ ಗದರಿದಳು. "ನಡೀತಾ ಆಡಿ."

ಬೈಯುತ್ತಲೇ ಶಂಕರ ನನ್ನ ಜೊತೆ ಸುತ್ತು ಹಾಕತೊಡಗಿದ. ಮೂರನೆಯ ಸುತ್ತಿಗೆ ಯಾರೋ ಅವನ ಕೈಗೊಂದು ಫಲಕ ಕೊಟ್ಟರು. ಹಿಡಿದುಕೊಂಡ.