ಗಟ್ಟಿಮೇಳದ ಹೊತ್ತಿನಲ್ಲಿ ಆಡಿದ ಮಾತು

ಪೀಪೀಪೀಪೀ ಅಂತ ಒಂದೇ ಸ್ವರ, ನಾದಸ್ವರದವನು ಉಸಿರು ಎಳೆದುಕೊಳ್ಳುವುದನ್ನೇ ಮರೆತ ಹಾಗೆ. ಲ್ಯಾಪ್‌ಟಾಪ್ ಹ್ಯಾಂಗ್ ಆದಾಗಲೆಲ್ಲ ಚಿತ್ರ ನಿಂತುಬಿಡುತ್ತಿತ್ತು. ಗಟ್ಟಿಮೇಳದ ಒಂದು ಚೂರು ಮಾತ್ರ ಒಳಗೆಲ್ಲೋ ಸಿಕ್ಕಿಹಾಕಿಕೊಂಡು, ನಾನು ಪವರ್ ಬಟನ್ ಅದುಮಿ ಹಿಡಿಯುವ ತನಕ ಗೋಳಾಡುತ್ತಿತ್ತು. ನಂಜನಗೂಡಿನ ನಮ್ಮ ಬೀದಿಯಲ್ಲಿ ಆ ಬೇಸಿಗೆ ಈ ಸದ್ದು ಕೇಳದವರಿಲ್ಲ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ, ದಿನಾ ಯಾರ ಮದುವೆ ಮಾಡಿಸ್ತಿದೀರಿ ಆಂಟಿ ಅಂತ ನಗಾಡಿದಳು. ನನ್ನ ಅಕ್ಕನ ಮಗಳದು ಅಂದೆ. ಆ ಮಗು ಹೋಗಿ ಎಷ್ಟೋ ವರ್ಷವಾಯಿತು ಅಂತ ಹೇಳಲು ಮನಸ್ಸಾಗಲಿಲ್ಲ.

ಆ ಮದುವೆ ನಡೆದದ್ದು ತಿ. ನರಸೀಪುರದಲ್ಲಿ, ಅಕ್ಕನ ಮನೆಯ ಮುಂದಿನ ಚಪ್ಪರದಲ್ಲಿ. ವೀಡಿಯೋ ತೆಗೆದವರು ನಮ್ಮ ಯಜಮಾನರೇ. ಆಗ ನಂಜನಗೂಡಿನಲ್ಲಿ ಅವರ ಸ್ಟುಡಿಯೋ ಇತ್ತು. ತಾಳಿ ಕಟ್ಟುವ ಗಳಿಗೆಯಲ್ಲಿ ಹುಡುಗಿ ಅಮ್ಮನ ಕಡೆ ತಿರುಗಿ ಏನೋ ಅಂದಳು. ಯಾರದೋ ಸೀನು, ಯಾರದೋ ಅಪಶಬ್ದ ಕಿವಿಗೆ ಬೀಳಬಾರದು ಅಂತ ತಾನೇ ಗಟ್ಟಿಮೇಳ ಬಾರಿಸುವುದು? ಆ ಅಬ್ಬರದಲ್ಲಿ ಅವಳ ಮಾತೂ ಮುಳುಗಿಹೋಯಿತು. ಸಂಜೆ ಅಕ್ಕ ಕೇಳಿದ್ದಕ್ಕೆ, ಆಮೇಲೆ ಹೇಳ್ತೀನಿ ಬಿಡಮ್ಮಾ ಅಂದಳಂತೆ. ನೆಂಟರಿಷ್ಟರು, ಬೀಗರ ಊಟ, ಆ ಗಲಾಟೆಯಲ್ಲಿ ಇಬ್ಬರೂ ಮರೆತರು. ಎರಡನೇ ವರ್ಷ ಜ್ವರ ಬಂದು ಹುಡುಗಿ ಹೊರಟೇಹೋದಳು. ಅಕ್ಕನಿಗೆ ಆ ಮಾತು ನೆನಪಾದದ್ದು ಆಮೇಲೆ.

ಈಚೆಗೆ ಅಕ್ಕನಿಗೆ ಕಿವಿ ಪೂರ್ತಿ ಹೋಗಿತ್ತು. ಹಿಯರಿಂಗ್ ಏಡ್ ಹಾಕಿದರೆ ತಲೆಯೊಳಗೆ ಹಿಟ್ಟಿನ ಗಿರಣಿ ಓಡಿದ ಹಾಗಾಗುತ್ತೆ ಅಂತ ಅದನ್ನು ಡಬ್ಬಿಯಲ್ಲೇ ಇಟ್ಟಳು. ಬದಲಿಗೆ ಬಾಯಿ ನೋಡಿ ಮಾತು ತಿಳಿಯುವುದನ್ನು ಕಲಿತಳು, ಹೌ ಆನ್ ಅರ್ತ್, ಅದು ಹೇಗೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಎದುರುಮನೆಯ ಜಗಲಿಯಲ್ಲಿ ಯಾರು ಯಾರನ್ನು ಆಡಿಕೊಳ್ಳುತ್ತಿದ್ದಾರೆ ಅಂತ ಕಿಟಕಿಯಲ್ಲಿ ಕೂತೇ ವರದಿ ಒಪ್ಪಿಸುತ್ತಿದ್ದಳು. ನನ್ನ ಜೊತೆ ವೀಡಿಯೋ ಕಾಲಿನಲ್ಲೇ ಮಾತು. ನಾನು ಒಲೆ ಕಡೆ ತಿರುಗಿದರೆ, "ಮುಖ ಈ ಕಡೆ ಮಾಡೇ, ಕೇಳಿಸಲ್ಲ," ಅಂತ ಗದರುತ್ತಿದ್ದಳು.

ಹೋದ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಅಂತ ಗೊತ್ತಾಯಿತು. ಮೈಸೂರಿನ ಡಾಕ್ಟರು ಅವಳ ಸೊಸೆಯನ್ನು ಹೊರಗೆ ಕರೆದು ಮೆಲ್ಲಗೆ ಮಾತಾಡಿದರು. ಅಕ್ಕ ಗಾಜಿನ ಬಾಗಿಲಾಚೆಯಿಂದ ಅವರ ಬಾಯಿ ನೋಡಿ ಎಲ್ಲ ತಿಳಿದುಕೊಂಡಿದ್ದಳು. ಅದಾದ ವಾರಕ್ಕೆ ಕಾಲ್ ಮಾಡಿ, ಆ ಮದುವೆ ಕ್ಯಾಸೆಟ್ ಇದೆಯಾ ಅಂತ ಕೇಳಿದಳು.

"ಅವತ್ತು ಕಿವಿ ಇತ್ತು, ಕೇಳಿಸಲಿಲ್ಲ. ಈಗ ಕಣ್ಣಿದೆ. ಅವಳ ಬಾಯಿ ಒಂದ್ಸಲ ತೋರಿಸಿಬಿಡೇ. ಏನಂದಳೋ ತಿಳ್ಕೊಂಡು ಹೋಗ್ತೀನಿ."

ಕ್ಯಾಸೆಟ್ಟಿಗೆ ಫಂಗಸ್ ಹಿಡಿದಿತ್ತು. ಮೈಸೂರಿನ ಒಂದು ಅಂಗಡಿಯವನು ಅದನ್ನು ಹೇಗೋ ತೊಳೆದು ಪೆನ್‌ಡ್ರೈವಿಗೆ ಹಾಕಿಕೊಟ್ಟ. ಇನ್ನೊಂದು ಸಲ ಆಗಲ್ಲ ಮೇಡಂ, ಟೇಪು ಪುಡಿಯಾಗ್ತಿದೆ ಅಂದ. ಚಿತ್ರದಲ್ಲಿ ಹುಡುಗಿಯ ಮುಖ ಹುಣಸೆಬೀಜದಷ್ಟು. ಹಣೆಗೆ ಬಾಸಿಂಗ, ಮುಂದೆ ಹೋಮದ ಹೊಗೆ. ತುಟಿ ಎಲ್ಲಿಂದ ಕಾಣಬೇಕು?

ಸ್ಟುಡಿಯೋ ಇದ್ದಾಗ ಯಜಮಾನರ ಪಕ್ಕ ಕೂತು ಮಿಕ್ಸಿಂಗ್ ಕಲಿತವಳು ನಾನು. ಎಡಿಟಿಂಗ್ ಅನ್ನುವ ಮಾತು ಆಗ ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಅವರು ಹೋದಮೇಲೆ ಲ್ಯಾಪ್‌ಟಾಪಿನಲ್ಲಿ ಅದನ್ನೇ ಮುಂದುವರಿಸಿದ್ದೆ, ನೆಂಟರ ಮನೆ ನಾಮಕರಣ, ಅಂಥ ಸಣ್ಣಪುಟ್ಟವು. ಹಾಗಾಗಿ ಧೈರ್ಯವಾಗಿ ಕೂತೆ. ಒಂದೊಂದೇ ಫ್ರೇಮ್ ಹಿಗ್ಗಿಸಿ, ಹೊಗೆ ಇರುವಲ್ಲಿ ಕಪ್ಪು ಹೆಚ್ಚಿಸಿ, ಓಟ ನಿಧಾನ ಮಾಡಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. ಇನ್ನೇನು ತುಟಿಯ ಅಂಚು ಬಿಡಿಸಿಕೊಳ್ಳುತ್ತಿದೆ ಅನ್ನುವಾಗ ಪರದೆಯ ಮೂಲೆಯಲ್ಲಿ ಒಂದು ಚೌಕ ಎದ್ದಿತು. ಎಡಿಟಿಂಗ್ ಸಾಫ್ಟ್‌ವೇರಿನ ಹೊಸ ವರ್ಷನ್ ಬಂದಿದೆ, ಅದರಲ್ಲಿ ಮಸುಕಾದ ಮುಖ ತಾನಾಗಿಯೇ ಸ್ಪಷ್ಟವಾಗುತ್ತದೆ ಅಂತ. ಅಕ್ಕ ದಿನದಿನಕ್ಕೆ ಸೊರಗುತ್ತಿದ್ದಳು. ನಾನು ಒತ್ತಿದೆ.

ಕನ್ವೆಂಟಿನಲ್ಲಿ ನಮಗೆ ಸಿಸ್ಟರ್ ಹೇಳಿಕೊಟ್ಟಿದ್ದರು, ಫೇರ್ ಕಾಪಿ ಆದಮೇಲೆ ರಫ್ ಕಾಪಿ ಹರಿದುಹಾಕಬೇಕು, ಡೆಸ್ಕ್ ಕ್ಲೀನಾಗಿರಬೇಕು ಅಂತ. ಹೊಸದರಲ್ಲಿ ನನ್ನ ಕೆಲಸ ತೆರೆದುಕೊಂಡ ತಕ್ಷಣ ಅದೇ ಅಭ್ಯಾಸಬಲದಿಂದ ಹಳೆಯ ಕಾಪಿಗಳನ್ನೆಲ್ಲ ಡಿಲೀಟ್ ಮಾಡಿ ಕಾಫಿಗೆ ಎದ್ದೆ. ಬಂದು ನೋಡಿದರೆ ಪರದೆಯೆಲ್ಲ ಕೆಂಪು. ಫೈಲ್ ಸಿಗುತ್ತಿಲ್ಲವಂತೆ. ಅದೇ ಫೋಲ್ಡರಿನಲ್ಲಿ ಕಣ್ಣೆದುರಿಗೇ ಇದೆ, ಸಿಗುತ್ತಿಲ್ಲವಂತೆ. ಮತ್ತೆ ಮತ್ತೆ ತೋರಿಸಿಕೊಟ್ಟ ಮೇಲೆ ಚಿತ್ರವೇನೋ ಬಂತು. ನಾನು ಹಿಗ್ಗಿಸಿದ್ದು, ತಿದ್ದಿದ್ದು ಒಂದೂ ಇರಲಿಲ್ಲ. ಎಲ್ಲ ಮೊದಲಿಂದ. ತಾಳಿ ಕಟ್ಟುವ ಜಾಗಕ್ಕೆ ಬಂದರೆ ಸಾಕು, ಹ್ಯಾಂಗ್. ಪೀಪೀಪೀ. ಬೇರೆ ಫೈಲಾಗಿ ಹೊರತೆಗೆಯೋಣ ಅಂದರೆ ಅರ್ಧದಲ್ಲೇ ನಿಂತು, ಸಾರಿ ಅಂತ ಮುಚ್ಚಿಕೊಳ್ಳುತ್ತಿತ್ತು. ಹಳೆಯ ವರ್ಷನ್ ವಾಪಸು ಹಾಕಿದೆ. ಇದು ಹೊಸದರಲ್ಲಿ ಮಾಡಿದ್ದು, ನನಗೆ ತೆರೆಯಲು ಬರುವುದಿಲ್ಲ ಅಂತು. ಬರೀ ಚಿತ್ರ ಹಾಕಿ ಮೊದಲಿಂದ ಶುರುಮಾಡೋಣ ಅಂದರೆ ಹಳೆಯದರ ಲೈಸೆನ್ಸ್ ರದ್ದಾಗಿದೆ ಅಂತು, ಮತ್ತೆ ಹೊಸದಕ್ಕೇ ಬಂದೆ.

ಕಂಪನಿಗೆ ಬರೆದೆ. ಇದು ನೋನ್ ಇಶ್ಯೂ, ನಮಗೆ ಮೊದಲೇ ಗೊತ್ತಿರುವ ತೊಂದರೆ, ಮುಂದಿನ ಬಿಡುಗಡೆಯಲ್ಲಿ ಸರಿಹೋಗುತ್ತೆ ಅಂತ ಉತ್ತರ. ಗೊತ್ತಿದ್ದೂ ಯಾಕೆ ಕಳಿಸಿದಿರಿ ಅಂತ ಕನ್ವೆಂಟ್ ಇಂಗ್ಲಿಷಿನಲ್ಲಿ, ಒಂದು ಕಾಮಾ ತಪ್ಪದ ಹಾಗೆ ಕೇಳಿದೆ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಅಂತ ಬಂತು.

ಆ ಮುಖ ಸ್ಪಷ್ಟ ಮಾಡುವ ಬಟನ್ ಮಾತ್ರ ಒಂದೇ ಒಂದು ಸಲ ಕೆಲಸ ಮಾಡಿತು. ಮೂರು ಸೆಕೆಂಡಿನ ತುಂಡು. ಗಾಜಿನ ಹಾಗೆ ಹೊಳೆಯುವ ಮುಖ, ನುಣ್ಣನೆಯ ತುಟಿ. ನನಗೆ ಅಳುವೇ ಬಂತು. ತಕ್ಷಣ ಸೊಸೆಯ ವಾಟ್ಸಾಪಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅಕ್ಕನೇ ಕಾಲ್ ಮಾಡಿದಳು. ದಿಂಬಿಗೆ ಒರಗಿದ್ದಳು, ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು.

"ಇದು ಅವಳ ಬಾಯಲ್ಲ ಕಣೇ. ಅವಳಿಗೆ ಮುಂದಿನ ಹಲ್ಲು ಒಂಚೂರು ಓರೆ ಇತ್ತಲ್ಲ, ಎಲ್ಲಿ ಹೋಯ್ತು? ಇದ್ಯಾವಳೋ ಏನೋ, ಮಾತೇ ಆಡ್ತಿಲ್ಲ, ಬರೀ ಬಾಯಿ ಅಲ್ಲಾಡಿಸ್ತಿದಾಳೆ."

ನಿಜ. ಮಷೀನು ಗೊತ್ತಿಲ್ಲದ್ದನ್ನು ತಾನೇ ಊಹಿಸಿ ಬರೆದುಬಿಟ್ಟಿತ್ತು. ಅದನ್ನು ತೆಗೆದು, ಮೊದಲಿನ ಹಾಗೆ ಕೈಯಲ್ಲೇ ಶುರುಮಾಡಿದೆ. ನಡುನಡುವೆ ಅದು ಮುಚ್ಚಿಕೊಳ್ಳುತ್ತಿತ್ತು, ನಾನು ತೆರೆಯುತ್ತಿದ್ದೆ. ಒಂದು ಫ್ರೇಮ್ ತಿದ್ದುವುದು, ಸೇವ್ ಮಾಡುವುದು, ದೇವರಿಗೆ ಕೈಮುಗಿಯುವುದು. ಅಕ್ಕ ಆಯ್ತಾ ಅಂತ ಕೇಳುವುದನ್ನು ಬಿಟ್ಟಿದ್ದಳು. ಅದಕ್ಕೇ ನನಗೆ ದಿಗಿಲಾಗಿದ್ದು. ಒಂದು ಬೆಳಗ್ಗೆ ಸೊಸೆ ಫೋನ್ ಮಾಡಿ, ಅತ್ತೆ ಗಂಜಿ ಕೂಡ ಬೇಡ ಅಂತಿದಾರೆ, ನೀವು ಹೇಗಿದೆಯೋ ಹಾಗೇ ತಂದುಬಿಡಿ ಅಂದಳು.

ಲ್ಯಾಪ್‌ಟಾಪನ್ನು ಹಳೆಯ ಶಾಲಿನಲ್ಲಿ ಸುತ್ತಿ ಬಸ್ಸು ಹತ್ತಿದೆ. ಬಿಳಿಗೆರೆ ದಾಟಿ ಅಕ್ಕನ ಊರು ತಲುಪುವವರೆಗೂ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ, ರೋಡ್ ಹಂಪ್ ಬಂದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಾ.

ಅಕ್ಕನನ್ನು ಎಬ್ಬಿಸಿ ಕೂರಿಸಿದೆವು. ಕನ್ನಡಕವನ್ನು ಸೆರಗಿನಲ್ಲಿ ತಾನೇ ಒರೆಸಿಕೊಂಡಳು. ಮಧ್ಯದಲ್ಲಿ ನಿಂತುಹೋಗಬಹುದು ಅಂತ ಮೊದಲೇ ಹೇಳಿದೆ, ಅವಳು ತಲೆಯಾಡಿಸಿದಳು. ಪ್ಲೇ ಒತ್ತಿದೆ. ಹೊಗೆ ಸರಿಯಿತು. ಹುಡುಗಿ ನಿಧಾನವಾಗಿ, ಬಹಳ ನಿಧಾನವಾಗಿ ಅಮ್ಮನ ಕಡೆ ತಿರುಗಿದಳು. ಓರೆ ಹಲ್ಲು ಕಂಡಿತು. ಅಕ್ಕ ಅವಳ ಜೊತೆಗೇ ತುಟಿ ಅಲ್ಲಾಡಿಸಿದಳು.

"ಅಮ್ಮಾ, ನೀನು..." ಅಂದಳು ಅಕ್ಕ.

ಅಲ್ಲಿಗೆ ನಿಂತಿತು. ಪೀಪೀಪೀಪೀ. ಸೊಸೆ ಕಿವಿ ಮುಚ್ಚಿಕೊಂಡಳು. ನಾನು ಎಷ್ಟು ಕೀ ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ. ಆರಿಸಿ ಮತ್ತೆ ಹಾಕುತ್ತೇನೆ ಅಂತ ಪವರ್ ಬಟನ್ನಿಗೆ ಕೈ ಹಾಕಿದರೆ ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅಷ್ಟು ಶಕ್ತಿ ಎಲ್ಲಿತ್ತೋ.

"ಆರಿಸಬೇಡ. ಬಾಯಿ ತೆಗೆದಿದಾಳೆ, ಹೇಳ್ತಾಳೆ."

ಹೇಳಲಿಲ್ಲ. ಹುಡುಗಿಯ ಬಾಯಿ ಅರ್ಧ ತೆರೆದೇ ಇತ್ತು. ಮನೆಯೆಲ್ಲ ಗಟ್ಟಿಮೇಳ ತುಂಬಿಕೊಂಡಿತ್ತು, ಅದು ಕೇಳಿಸದಿದ್ದದ್ದು ಅಕ್ಕನೊಬ್ಬಳಿಗೇ. ನಾನೂ ಪಕ್ಕದಲ್ಲಿ ಕೂತೆ. ಬಿಸಿಲು ಹೊಸ್ತಿಲು ಬಿಟ್ಟು ಹೋಯಿತು. ನಂಜನಗೂಡಿನ ಬಸ್ಸಿಗೆ ಹೊತ್ತಾಗಿತ್ತು. ಲ್ಯಾಪ್‌ಟಾಪ್ ಇಲ್ಲೇ ಇರಲಿ, ನಾಳಿದ್ದು ಬಂದು ನೋಡ್ತೀನಿ ಅಂತ ಸೊಸೆಗೆ ಹೇಳಿ ಚಾರ್ಜರ್ ಚುಚ್ಚಿದೆ.

ಬಾಗಿಲಲ್ಲಿ ನಿಂತು, "ಬರ್ತೀನಿ ಅಕ್ಕಾ," ಅಂದೆ. ನನ್ನ ಬಾಯಿ ನೋಡಿದ್ದರೆ ಅವಳಿಗೆ ಕೇಳಿಸುತ್ತಿತ್ತು. ಅವಳು ಈ ಕಡೆ ತಿರುಗಲಿಲ್ಲ. ಕತ್ತು ಮುಂದಕ್ಕೆ ಚಾಚಿ, ಕನ್ನಡಕದಲ್ಲಿ ಇಬ್ಬರು ಪುಟ್ಟ ಮದುವಣಗಿತ್ತಿಯರು ಹೊಳೆಯುತ್ತಿರಲು, ಮುಂದಿನ ಮಾತಿಗೆ ಕಾಯುತ್ತಾ ಕೂತಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.