ಮಾಳಿಗೆಯ ಮೇಲಿನ ಗಾಜು

ಮೊನ್ನೆ ಒಡೆದ ಹಿಮ್ಮಡಿಗೆ ಹಚ್ಚಲೆಂದು ವ್ಯಾಸಲಿನ್ ಡಬ್ಬಿಯ ಮುಚ್ಚಳ ತೆಗೆದೆ. ಆ ವಾಸನೆಗೆ ನಗು ಬಂತು. ಅಜ್ಜಿ ಒಬ್ಬಳೇ ಯಾಕೆ ನಗುತ್ತಾಳೆ ಎಂದು ನೀವು ಕೇಳಿದಿರಿ. ಬಾಯಲ್ಲಿ ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಿಮ್ಮ ತಾತ ಇದ್ದರು. ನಾವು ಪರಶುರಾಂಪುರದಲ್ಲಿದ್ದೆವು. ನಿಮ್ಮಮ್ಮ ಏಳನೇ ಕ್ಲಾಸು. ಬಳ್ಳಾರಿ ಜಾಲಿ ಹೂ ಬಿಟ್ಟಿತೆಂದರೆ ಅವಳಿಗೆ ಉಬ್ಬಸ. ಎದುರು ಮನೆಯಲ್ಲಿ ಅವಳ ಶಾಲೆಯ ವಿಜ್ಞಾನದ ಮೇಷ್ಟ್ರು ಬಾಡಿಗೆಗಿದ್ದರು. ಗಾಳಿಯಲ್ಲಿ ಹೂವಿನ ಪುಡಿ ಎಷ್ಟಿದೆ ಎಂದು ದಿನಾ ತಿಳಿಸಿದರೆ ಉಬ್ಬಸದವರು ಹುಷಾರಾಗಿರಬಹುದು ಎನ್ನುವುದು ಅವರ ಹುಚ್ಚು. ನಮ್ಮ ಮಾಳಿಗೆ ಬೀದಿಯಲ್ಲೇ ಎತ್ತರ. ಮೇಷ್ಟ್ರು ತಾತನನ್ನು ಕೇಳಿ, ಅಲ್ಲಿ ಎರಡು ಊಟದ ತಟ್ಟೆಗಳನ್ನು ಒಂದರ ಮೇಲೊಂದು ಅಂತರ ಬಿಟ್ಟು ಕಂಬಿಗೆ ಕಟ್ಟಿ, ನಡುವೆ ವ್ಯಾಸಲಿನ್ ಸವರಿದ ಸಣ್ಣ ಗಾಜಿನ ಪಟ್ಟಿ ಇಟ್ಟರು. ಮರುದಿನ ಬೆಳಿಗ್ಗೆ ಏಳಕ್ಕೆ ಅದನ್ನು ಒಯ್ದು, ಒಂದು ಹನಿ ಗುಲಾಬಿ ಬಣ್ಣ ಹಾಕಿ, ಅಂಟಿದ ಕಣಗಳನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸುತ್ತಿದ್ದರು. ಆಮೇಲೆ ಬಸ್ ನಿಲ್ದಾಣದ ಕರಿಹಲಗೆಯಲ್ಲಿ ಬರೆಯುತ್ತಿದ್ದರು: ‘ಇಂದು ಹೂಪುಡಿ ಹೆಚ್ಚು’, ಇಲ್ಲವೇ ‘ಮಧ್ಯಮ’, ಇಲ್ಲವೇ ‘ಕಡಿಮೆ’. ಇದೆಲ್ಲ ನನಗೆ ಸರಿಯಾಗಿ ತಿಳಿದದ್ದು ಆಮೇಲೆ. ಆಗ ಬಾಗಿಲ ಹಿಂದೆ ನಿಂತು ಅರ್ಧಂಬರ್ಧ ಕೇಳಿಸಿಕೊಂಡಿದ್ದೆ, ಅಷ್ಟೇ.

ಆ ವರ್ಷ ಮೇಷ್ಟ್ರು ಮಕ್ಕಳನ್ನು ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಕರೆದೊಯ್ಯುವವರಿದ್ದರು. ನಿಮ್ಮಮ್ಮ ಊಟ ಬಿಟ್ಟು ಹಟ ಹಿಡಿದಳು.

“ಬೋರ್ಡಲ್ಲಿ ಕಡಿಮೆ ಅಂತ ಬಂದ್ರೆ ಕಳಿಸ್ತೀನಿ,” ಎಂದರು ತಾತ.

ನಾಲ್ಕು ದಿನ ‘ಕಡಿಮೆ’ ಎಂದೇ ಬಂತು. ಹುಡುಗಿ ಮನೆಯೆಲ್ಲ ಕುಣಿದಾಡಿದಳು. ಕುಣಿದ ಮೇಲೆ ಎದೆ ಮಾತ್ರ ಸುಯ್‌ಗುಟ್ಟುತ್ತಿತ್ತು...

ಹೊರಡುವ ಹಿಂದಿನ ದಿನ ಮೇಷ್ಟ್ರು ಗಾಜು ತೆಗೆದುಕೊಂಡು ಮೆಟ್ಟಿಲಿಳಿಯುತ್ತಿದ್ದರು. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬ ಬೀದಿಯಿಂದಲೇ ಕೂಗಿದ: “ಏನ್ ಮೇಷ್ಟ್ರೇ, ಜಾಲಿ ಕೆಳಗೆ ನಿಂತ್ರೆ ನನ್ ಕಂಬಳಿಗೆಲ್ಲ ಹಳದಿ ದೂಳು ಕೂರ್ತೈತೆ, ನಿಮ್ ಬೋರ್ಡು ಕಡಿಮೆ ಅಂತೈತೆ. ಆ ಗಾಜಿಗೂ ಒಂದು ಕನ್ನಡಕ ಹಾಕ್ಸ್ರಿ!”

ಬೀದಿಯೆಲ್ಲ ನಕ್ಕಿತು. ಮೇಷ್ಟ್ರು ಗಾಜನ್ನು ಬೆಳಕಿಗೆ ಹಿಡಿದು, “ಎಲ್ಲಿ ತಪ್ತಾ ಇದ್ದೀನೋ ಗೊತ್ತಾಗ್ತಿಲ್ಲ,” ಎಂದರು.

ಹಳದಿ ದೂಳು ಎಂದದ್ದು ಬಾಗಿಲ ಹಿಂದಿದ್ದ ನನ್ನ ಕಿವಿಗೂ ಬಿತ್ತು. ಆ ವಾರ ಮಾಳಿಗೆ ಗುಡಿಸುವಾಗ ಗಾಜಿನ ಮೈಮೇಲೆ ಅದೇ ದೂಳು ಕಂಡಿತ್ತು. ಓದಿದವರ ಸಾಮಾನು ನಮ್ಮ ಮನೆಯಲ್ಲಿ ಕೊಳೆಯಾದರೆ ಏನೆಂದುಕೊಂಡಾರು ಎಂದು, ದಿನಾ ಅವರು ಬರುವ ಮೊದಲೇ ಸೀಗೆಪುಡಿ ಹಾಕಿ ತೊಳೆದು, ಒರೆಸಿ, ನನ್ನ ಡಬ್ಬಿಯಿಂದಲೇ ಹೊಸ ವ್ಯಾಸಲಿನ್ ಸವರಿ ಇಡುತ್ತಿದ್ದೆ!

ಹೇಳಿದರೆ ಮಗಳಿಗೆ ಬೆಟ್ಟ ತಪ್ಪುತ್ತದೆ. ಹೇಳದಿದ್ದರೆ ಬೆಟ್ಟದ ಮೇಲೆ ಅವಳ ಉಸಿರು...

ಸೆರಗೆಳೆದುಕೊಂಡು ಹೊರಗೆ ಬಂದೆ. “ಮೇಷ್ಟ್ರೇ, ನಾನೇ ದಿನಾ ತೊಳೆದಿಡ್ತಿದ್ದೆ ರೀ.”

“ಏನು ತೊಳೆದ್ರಿ?”

“ಗಾಜು. ವ್ಯಾಸಲಿನ್ನೂ ನಾನೇ ಹಚ್ಚಿದ್ದು.”

ಅವರು ಮೆಟ್ಟಿಲ ಮೇಲೆ ಕುಳಿತೇಬಿಟ್ಟರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಅಲ್ಲಮ್ಮಾ, ನಾಲ್ಕು ದಿನ ನಿಮ್ ಸೀಗೆಪುಡೀನ ಎಣಿಸಿದಂಗಾಯ್ತು!”

ಅಂದೇ ಹಲಗೆಯಲ್ಲಿ ಬರೆದರು: ‘ನಾಲ್ಕು ದಿನದ ವರದಿ ತಪ್ಪು. ಗಾಜು ತೊಳೆಯಲಾಗಿತ್ತು. ಉಬ್ಬಸದವರು ಕ್ಷಮಿಸಿ.’ ತೊಳೆದವರು ಯಾರೆಂದು ಬರೆಯಲಿಲ್ಲ. ಬೆಟ್ಟಕ್ಕೆ ಹೋಗುವುದನ್ನೂ ಮುಂದೂಡಿದರು. ನಿಮ್ಮಮ್ಮ ನನ್ನೊಂದಿಗೆ ಮಾತು ಬಿಟ್ಟಳು. ಮರುದಿನ ಹಲಗೆಯಲ್ಲಿ ‘ಹೆಚ್ಚು’, ಅದರ ಮರುದಿನವೂ ‘ಹೆಚ್ಚು’.

ವಾರ ಕಳೆದು ಎರಡು ದಿನ ಚೆನ್ನಾಗಿ ಮಳೆ ಬಂತು. ಮೇಷ್ಟ್ರು ನನ್ನನ್ನು ಶಾಲೆಗೆ ಕರೆಸಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಗುಲಾಬಿ ಬಣ್ಣದ ಕಾಳು, ಎಷ್ಟು ಹುಡುಕಿದರೂ ಐದಾರೇ.

“ನೀವೇ ಎಣಿಸ್ರಮ್ಮ. ಇವತ್ತು ತೊಳೆದಿಲ್ಲ ತಾನೇ?”

‘ಕಡಿಮೆ’ ಎಂದು ಬರೆದ ಮರುದಿನ ನಿಮ್ಮಮ್ಮ ಎಲ್ಲರಿಗಿಂತ ಮುಂದೆ ಬೆಟ್ಟ ಹತ್ತಿದಳಂತೆ. ಮನೆಗೆ ಬಂದಾಗ ಕೂಗಿ ಕೂಗಿ ದನಿ ಹೋಗಿತ್ತು, ಉಸಿರು ಮಾತ್ರ ಸಲೀಸಾಗಿತ್ತು.

ಈಗ ನೀವು ಫೋನಿನಲ್ಲಿ ದೊಡ್ಡ ಊರುಗಳ ಗಾಳಿಯ ಸುದ್ದಿ ನೋಡುತ್ತೀರಿ. ಪರಶುರಾಂಪುರದ್ದು ಅದರಲ್ಲಿ ಇಲ್ಲ. ಮೇಷ್ಟ್ರು ವರ್ಗವಾಗಿ ಕೊಂಡ್ಲಹಳ್ಳಿ ಕಡೆ ಹೋದರು. ಹೋದ ವರ್ಷ ತೀರಿಕೊಂಡರೆಂದು ನಿಮ್ಮಮ್ಮ ಹೇಳಿದಳು. ಅವರೆದುರು ನಾನಾಗಿ ಹೊರಗೆ ಬಂದು ಮಾತಾಡಿದ್ದು ಅದೊಂದೇ ಸಲ, ತಪ್ಪು ಒಪ್ಪಿಕೊಳ್ಳಲು. ಬೆಟ್ಟದಿಂದ ಮಗಳನ್ನು ಅವರು ನಗುನಗುತ್ತಾ ಮನೆ ಮುಟ್ಟಿಸಿ ಹೋದ ದಿನವೂ ಬಾಗಿಲ ಹಿಂದೆಯೇ ನಿಂತಿದ್ದೆ... ಆವತ್ತೂ ಹೊರಗೆ ಬರಬೇಕಿತ್ತು.